ಓದಿನ ಸಾಲ ತೀರಿಸುವ ಬಗೆ



ಈ ಹೊತ್ತು ನಾನು ಹೇಳಹೊರಟಿರುವುದು ಕೊಳೆರೋಗದ ವಿಚಾರವಲ್ಲ, ಗೊಬ್ಬರದ ವಿಚಾರವೂ ಅಲ್ಲ. ಆದರೆ ತೋಟಕ್ಕೆ ತಗುಲುವ ವಿಚಾರವೇ ಹೌದು. ಮಕ್ಕಳ ಓದಿಗಾಗಿ ಬ್ಯಾಂಕಿನಿಂದ ತಂದ ಸಾಲವನ್ನು ಸಣ್ಣ ಸಂಬಳದಲ್ಲಿ ತೀರಿಸುವುದು ಹ್ಯಾಗೆ ಎಂಬುದೇ ಇವತ್ತಿನ ಮಾತು.

ಕೊಪ್ಪ ತಾಲ್ಲೂಕಿನ ಭಂಡಿಗಡಿಯಾಗಲಿ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಹಳ್ಳಿಗಳಾಗಲಿ, ಎಲ್ಲ ಕಡೆಯೂ ಈಗ ಓದಿದ ಮಕ್ಕಳಿದ್ದಾರೆ. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಆದ ಮೇಲೆ ಮಲೆನಾಡಿನವರಿಗೆ ಪದವಿ ಹತ್ತಿರವಾಯಿತು. ಕೆಲವರು ಶಿವಮೊಗ್ಗ, ಮಂಗಳೂರು, ಬೆಂಗಳೂರುಗಳಿಗೆ ಹೋಗಿ ತಾಂತ್ರಿಕ ವಿದ್ಯೆ ಕಲಿತರು. ಇದು ಸಂತೋಷದ ಸಂಗತಿ. ಆದರೆ ಪದವಿ ಪತ್ರದ ಜೊತೆಗೆ ಸಾಲದ ಪತ್ರವೂ ಮನೆಗೆ ಬಂದಿತು. ಇತ್ತ ನಮ್ಮ ಮೂರು ತಾಲ್ಲೂಕುಗಳಲ್ಲಿ ಅಡಿಕೆಗೆ ಹಳದಿ ಎಲೆ ರೋಗ ಬಹುಕಾಲದಿಂದ ಉಂಟು. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. "ತೋಟ ಇದೆಯಲ್ಲ, ಹ್ಯಾಗೋ ತೀರುತ್ತದೆ" ಎಂದು ಕೂರುವ ಕಾಲ ಇದಲ್ಲ.

ಮೊದಲು ಈ ಸಾಲ ಯಾರದ್ದು ಎಂಬುದನ್ನು ತಿಳಿಯೋಣ. ಮಗನ ಹೆಸರಿನಲ್ಲಿದೆ, ಅವನು ನೋಡಿಕೊಳ್ಳುತ್ತಾನೆ ಎಂದು ತಂದೆ ಎಣಿಸುತ್ತಾನೆ. ಅಪ್ಪ ರುಜು ಹಾಕಿದ್ದಾನೆ, ಅಡಿಕೆ ಮಾರಿದಾಗ ಕಟ್ಟುತ್ತಾನೆ ಎಂದು ಮಗ ಎಣಿಸುತ್ತಾನೆ. ಇಬ್ಬರ ನಡುವೆ ಬಡ್ಡಿ ಬೆಳೆಯುತ್ತದೆ. ನಿಜ ಏನೆಂದರೆ, ವಿದ್ಯಾ ಸಾಲದಲ್ಲಿ ತಂದೆಯೋ ತಾಯಿಯೋ ಜೊತೆ ಸಾಲಗಾರರು. ಕಂತು ತಪ್ಪಿ 90 ದಿವಸ ಮೀರಿದರೆ ಬ್ಯಾಂಕು ಆ ಖಾತೆಯನ್ನು ಕೆಟ್ಟ ಸಾಲದ ಪಟ್ಟಿಗೆ ಸೇರಿಸುತ್ತದೆ. ಆ ವರದಿ ಮಗನ ಹೆಸರಿಗೆ ಬರುವಂತೆಯೇ ತಂದೆಯ ಹೆಸರಿಗೂ ಬರುತ್ತದೆ. ನಾಳೆ ತಂದೆ ಬೆಳೆ ಸಾಲಕ್ಕೆಂದು ಬ್ಯಾಂಕಿನ ಬಾಗಿಲಿಗೆ ಹೋದಾಗ ಈ ಬಾಕಿ ಎದುರಿಗೆ ಬಂದು ನಿಲ್ಲುತ್ತದೆ. ಮೇಲುಗೊಬ್ಬರಕ್ಕೂ ಮೈಲುತುತ್ತಕ್ಕೂ ಹಣ ಸಿಗದೆ ಹೋದೀತು. ಓದಿನ ಸಾಲ ತೋಟಕ್ಕೆ ತಗುಲುತ್ತದೆ ಎಂದು ನಾನು ಹೇಳಿದ್ದು ಇದಕ್ಕೇ.

ಆದುದರಿಂದ ಮೊದಲನೆಯ ಕೆಲಸ, ಮನೆಯವರೆಲ್ಲ ಒಂದು ಸಂಜೆ ಕೂತು ಲೆಕ್ಕ ಬರೆಯುವುದು. ಒಂದು ನೋಟುಬುಕ್ಕು ಸಾಕು. ಯಾರಿಗೆ ಕೊಡಬೇಕು, ಅಸಲು ಎಷ್ಟು, ಬಡ್ಡಿಯ ದರ ಎಷ್ಟು, ತಿಂಗಳ ಕಂತು ಎಷ್ಟು, ಹೀಗೆ ನಾಲ್ಕು ಮನೆ ಹಾಕಿ. ಬ್ಯಾಂಕಿನ ಸಾಲ, ಸಹಕಾರ ಸಂಘದ ಸಾಲ, ಒತ್ತೆಯಿಟ್ಟ ಒಡವೆ, ಕೈಸಾಲ, ಫೋನಿನ ಆ್ಯಪ್‌ನಲ್ಲಿ ತೆಗೆದ ಸಾಲ, ಯಾವುದನ್ನೂ ಬಿಡಬೇಡಿ. ತರುಣರು ನಾಚಿಕೆಪಟ್ಟು ಆ್ಯಪ್ ಸಾಲವನ್ನು ಮುಚ್ಚಿಡುತ್ತಾರೆ, ಹಿರಿಯರು ಮಕ್ಕಳಿಗೆ ಚಿಂತೆ ಬೇಡವೆಂದು ಒಡವೆಯ ಸಾಲವನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಸಾಲಕ್ಕೆ ಬಡ್ಡಿ ನಿಲ್ಲುವುದಿಲ್ಲ. ಪ್ರತಿಯೊಂದು ಸಾಲಮಾಹಿತಿ ಸಂಸ್ಥೆಯಿಂದ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಬಿಟ್ಟಿಯಾಗಿ ಪಡೆಯುವ ಹಕ್ಕು ನಿಮಗುಂಟು. ಅದನ್ನು ತರಿಸಿ ನೋಡಿದರೆ ಮರೆತದ್ದೂ ನೆನಪಾಗುತ್ತದೆ.

ಇನ್ನು ವಿದ್ಯಾ ಸಾಲದ ಬಡ್ಡಿ ಹ್ಯಾಗೆ ಬೆಳೆಯುತ್ತದೆ, ನೋಡೋಣ. ಓದುವಷ್ಟು ಕಾಲ, ಅದರ ಮೇಲೆ ಒಂದು ವರ್ಷ, ಕಂತು ಕಟ್ಟಬೇಕಾಗಿಲ್ಲ. ಇದನ್ನು ಕೇಳಿ ಬಹಳ ಜನ ಬಡ್ಡಿಯೂ ಇಲ್ಲವೆಂದು ತಿಳಿಯುತ್ತಾರೆ. ಹಾಗಲ್ಲ. ಆ ಕಾಲದಲ್ಲಿ ಸರಳ ಬಡ್ಡಿ ಓಡುತ್ತಲೇ ಇರುತ್ತದೆ.

ಲೆಕ್ಕಕ್ಕೆಂದು ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ, ಒಟ್ಟು 4 ಲಕ್ಷ ರೂಪಾಯಿ ಸಾಲ, ಶೇಕಡಾ 10 ಬಡ್ಡಿ ಎಂದು ಇಟ್ಟುಕೊಳ್ಳೋಣ. ಮೊದಲನೆಯ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000. ಕೂಡಿದರೆ 1,40,000. ಕಂತು ಶುರುವಾಗುವ ದಿವಸ ಸಾಲ 4 ಲಕ್ಷವಲ್ಲ, 5 ಲಕ್ಷದ 40 ಸಾವಿರ. ಹತ್ತು ವರ್ಷಕ್ಕೆ ತೀರಿಸಲು ತಿಂಗಳಿಗೆ ಸುಮಾರು 7,136 ರೂಪಾಯಿ ಕಟ್ಟಬೇಕು. ಆ ಬಡ್ಡಿಯನ್ನು ಅಂದಂದಿಗೇ ಕಟ್ಟಿಕೊಂಡು ಬಂದಿದ್ದರೆ ಕಂತು 5,286 ರೂಪಾಯಿ ಮಾತ್ರ. ಅಂದಂದಿಗೆ ಕಟ್ಟುವುದೆಂದರೆ ಮೊದಲನೆಯ ವರ್ಷ ತಿಂಗಳಿಗೆ 833 ರೂಪಾಯಿ, ಎರಡನೆಯ ವರ್ಷ 1,667, ಹೀಗೆ. ಇದರಿಂದ ಒಟ್ಟಿನಲ್ಲಿ ಉಳಿಯುವುದು ಸುಮಾರು 82,000 ರೂಪಾಯಿ. ಮಕ್ಕಳು ಇನ್ನೂ ಓದುತ್ತಿರುವ ಮನೆಯವರು ಈ ಮಾತನ್ನು ಗಮನಿಸಿ.

ಈ ಕಾಲದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009ರಲ್ಲಿ ಆರಂಭವಾಯಿತು. ವೃತ್ತಿ ಶಿಕ್ಷಣ, ತಾಂತ್ರಿಕ ಶಿಕ್ಷಣಕ್ಕೆ ಸಾಲ ಮಾಡಿದ, ವರ್ಷದ ವರಮಾನ 4.5 ಲಕ್ಷ ರೂಪಾಯಿಗೆ ಮೀರದ ಮನೆಯವರಿಗಾಗಿ ಮಾಡಿದ್ದು ಅದು. ವರಮಾನ ಪತ್ರ ಹಿಡಿದುಕೊಂಡು ಬ್ಯಾಂಕಿನಲ್ಲಿ ವಿಚಾರಿಸಿ. ನಿಮ್ಮ ಓದಿಗೆ ಇದು ಅನ್ವಯಿಸುತ್ತದೆಯೇ, ಬಂದ ಹಣ ಖಾತೆಗೆ ಸೇರಿದೆಯೇ ಎಂದು ವ್ಯವಸ್ಥಾಪಕರನ್ನು ಕೇಳಿ ತಿಳಿಯಿರಿ. ಕೇಳುವುದಕ್ಕೆ ಸಂಕೋಚ ಬೇಡ.

ಓದು ಮುಗಿದಿದೆ, ಸಂಬಳ ಸಣ್ಣದು, ಈಗೇನು ಮಾಡೋಣ ಎನ್ನುತ್ತೀರಾ? ಸಂಬಳ 18,000 ರೂಪಾಯಿ ಎಂದಿಟ್ಟುಕೊಳ್ಳಿ. ಪಟ್ಟಣದಲ್ಲಿ ಕೋಣೆಗೂ ಊಟಕ್ಕೂ 9,000, ಬಸ್ಸು ಫೋನು ಎಲ್ಲ ಸೇರಿ 1,500. ಹತ್ತು ವರ್ಷದ ಕಂತು 7,136 ಕಟ್ಟಿದರೆ ಕೈಯಲ್ಲಿ ಉಳಿಯುವುದು 364 ರೂಪಾಯಿ. ಒಂದು ಜ್ವರ ಬಂದರೆ ಸಾಕು, ಔಷಧಿಗೆ ಕೈಸಾಲ ಎತ್ತಬೇಕಾಗುತ್ತದೆ. ಅಂಥ ಕಂತನ್ನು ಒಪ್ಪಿಕೊಳ್ಳಬಾರದು.

ಬ್ಯಾಂಕುಗಳ ಮಾದರಿ ವಿದ್ಯಾ ಸಾಲ ಯೋಜನೆಯಲ್ಲಿ ಹದಿನೈದು ವರ್ಷದವರೆಗೂ ಕಂತು ಮಾಡಿಕೊಡಲು ಅವಕಾಶ ಉಂಟು. ಹಾಗೆ ಮಾಡಿಸಿಕೊಂಡರೆ ಕಂತು ಸುಮಾರು 5,803ಕ್ಕೆ ಇಳಿಯುತ್ತದೆ. ಆದರೆ ಹದಿನೈದು ವರ್ಷವೂ ಹಾಗೆಯೇ ಕಟ್ಟುತ್ತಾ ಹೋದರೆ ಒಟ್ಟು 1,88,000 ರೂಪಾಯಿ ಹೆಚ್ಚಿಗೆ ತೆತ್ತಂತಾಗುತ್ತದೆ. ಅದಕ್ಕೆ ಉಪಾಯ ಏನೆಂದರೆ, ಕಂತನ್ನು ಸಣ್ಣದು ಮಾಡಿಸಿಕೊಂಡು, ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಒಂದು ಗಂಟನ್ನು ಅಸಲಿಗೆ ಕಟ್ಟುವುದು. ವರ್ಷಕ್ಕೆ 15,000 ರೂಪಾಯಿಯಂತೆ ಕಟ್ಟಿದರೂ ಹದಿನೈದು ವರ್ಷದ ಸಾಲ ಸುಮಾರು ಹತ್ತೂವರೆ ವರ್ಷಕ್ಕೆ ಮುಗಿಯುತ್ತದೆ. ಬೆಳೆ ಕೆಟ್ಟ ವರ್ಷ ಆ ಗಂಟು ಕಟ್ಟದೆ ಹೋದರೆ ಯಾರೂ ಬಂದು ಕೇಳುವುದಿಲ್ಲ. ದೊಡ್ಡ ಕಂತನ್ನೇ ಒಪ್ಪಿಕೊಂಡಿದ್ದರೆ ಒಂದು ತಿಂಗಳು ತಪ್ಪಿದರೂ ಬಾಕಿಯೆಂದು ಬರೆಯುತ್ತಾರೆ. ಹಣ ಕಟ್ಟುವಾಗ "ಇದನ್ನು ಅಸಲಿಗೆ ಜಮಾ ಮಾಡಿ, ಅವಧಿ ಕಡಿಮೆ ಮಾಡಿ" ಎಂದು ಬರೆದುಕೊಡತಕ್ಕದ್ದು, ರಸೀತಿ ತೆಗೆದುಕೊಳ್ಳತಕ್ಕದ್ದು.

ಈ ಗಂಟು ಎಲ್ಲಿಂದ ಬರಬೇಕು? ತೋಟದ ಒಂದು ಬೆಳೆಯನ್ನು ಸಾಲಕ್ಕೆಂದು ಎತ್ತಿಡಿ. ಅಡಿಕೆಯ ಹಣ ಮನೆವಾರ್ತೆಗೂ ಬೆಳೆ ಸಾಲಕ್ಕೂ ಬೇಕಾಗುತ್ತದೆ, ಅದನ್ನು ಮುಟ್ಟುವುದು ಕಷ್ಟ. ಆದರೆ ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸು ಇದೆಯಲ್ಲ! ಚೆನ್ನಾಗಿ ಒಣಗಿಸಿಟ್ಟರೆ ಅದು ಬೇಗ ಕೆಡುವ ಮಾಲಲ್ಲ. ದರ ನೋಡಿ ಮಾರಬಹುದು. ಈ ಮೆಣಸು ಓದಿನ ಸಾಲದ್ದು ಎಂದು ಮನೆಯಲ್ಲಿ ಮಾತಾಗಲಿ. ಮೆಣಸು ಇಲ್ಲದವರು ಕಾಫಿಯದೋ ಬಾಳೆಯದೋ ಒಂದು ಪಾಲು ಇಡಬಹುದು. ಮಗನೋ ಮಗಳೋ ರಜೆಗೆ ಬಂದಾಗ ಕೊಯ್ಲಿಗೆ ಇಳಿದರೆ ಆ ಆಳಿನ ಕೂಲಿಯನ್ನೂ ಅದೇ ಗಂಟಿಗೆ ಸೇರಿಸಿ.

ಒಂದಕ್ಕಿಂತ ಹೆಚ್ಚು ಸಾಲ ಇದ್ದವರು ಯಾವುದನ್ನು ಮೊದಲು ತೀರಿಸಬೇಕು? ಎಲ್ಲದಕ್ಕೂ ತಪ್ಪದ ಕಂತು ಕಟ್ಟಿ, ಮಿಕ್ಕ ಹಣವನ್ನು ಅತಿ ಹೆಚ್ಚು ಬಡ್ಡಿಯದಕ್ಕೆ ಹಾಕತಕ್ಕದ್ದು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ಕೇಳುವುದಕ್ಕೆ ಸಣ್ಣದು. ವರ್ಷಕ್ಕೆ ಅದು ಶೇಕಡಾ 36. ಕೈಸಾಲ 20,000ಕ್ಕೆ ವರ್ಷಕ್ಕೆ 7,200 ರೂಪಾಯಿ ಬಡ್ಡಿ. ಅದೇ 20,000ಕ್ಕೆ ಶೇಕಡಾ 10ರ ವಿದ್ಯಾ ಸಾಲದಲ್ಲಿ ಬಡ್ಡಿ 2,000. ಹಾಗಾದರೆ ಮೊದಲ ಸುಗ್ಗಿಯ ಗಂಟು ಎಲ್ಲಿಗೆ ಹೋಗಬೇಕು, ನೀವೇ ಹೇಳಿ. ಬ್ಯಾಂಕಿನ ಕಂತು ಕಟ್ಟಲು ಕೈಸಾಲ ತರುವುದಂತೂ ಬೇಡವೇ ಬೇಡ.

ಇದು ಹೊಸ ವಿದ್ಯೆಯೇನಲ್ಲ. ಹಿಂದೆ ನಮ್ಮ ಅಡಿಕೆ ಬೆಳೆಗಾರರು ಮಂಡಿಯಿಂದ ಮುಂಗಡ ತಂದು, ಬೆಳೆದದ್ದನ್ನು ಅಲ್ಲಿಯೇ ಹಾಕಿ, ಮತ್ತೆ ಮುಂಗಡ ತರುತ್ತಿದ್ದರು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದರು. 1939ರಲ್ಲಿ ಶಿವಮೊಗ್ಗದಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಅಂದರೆ ನಾವು ಮ್ಯಾಮ್‌ಕೋಸ್ ಎನ್ನುವುದು, ಹುಟ್ಟಿತು. ಸಂಘದಲ್ಲಿ ಮಾಲು ಮಾರಿದವನ ಹಣದಲ್ಲಿ ಮೊದಲು ಸಾಲದ ಬಾಬು ಮುರಿದುಕೊಂಡು, ಉಳಿದದ್ದನ್ನು ಕೈಗೆ ಕೊಡುವ ಕ್ರಮ ನಿಮಗೆ ಗೊತ್ತೇ ಇದೆ. ಕೈಗೆ ಬಂದ ಹಣ ನಿಲ್ಲುವುದು ಕಷ್ಟ ಎಂಬುದನ್ನು ಹಿರಿಯರು ಬಲ್ಲರು. ಸಂಬಳದವರೂ ಹಾಗೆಯೇ ಮಾಡಲಿ. ಸಂಬಳ ಬಂದ ಮಾರನೆಯ ದಿವಸವೇ ಕಂತು ತಾನಾಗಿ ಹೋಗುವಂತೆ ಬ್ಯಾಂಕಿಗೆ ಬರೆದುಕೊಡಲಿ.

ಕೆಲಸವೇ ಸಿಕ್ಕಿಲ್ಲದವರು ಏನು ಮಾಡಬೇಕು? ಬ್ಯಾಂಕಿನಿಂದ ನೋಟೀಸು ಬರುವ ಮೊದಲೇ ತಂದೆ ಮಕ್ಕಳು ಜೊತೆಯಾಗಿ ಹೋಗಿ ಸಂಗತಿ ತಿಳಿಸಿ, ಬರೆದುಕೊಡಿ. ಕೆಲಸವಿಲ್ಲದ ಕಾಲಕ್ಕೆ ಕಂತನ್ನು ಮುಂದೂಡಲು ಮಾದರಿ ಯೋಜನೆಯಲ್ಲಿ ಎಡೆ ಉಂಟು. ಬಡ್ಡಿ ಮಾತ್ರ ಓಡುತ್ತದೆ, ಆದ್ದರಿಂದ ಆದಷ್ಟು ಬಡ್ಡಿಯನ್ನಾದರೂ ಕಟ್ಟುತ್ತಿರಿ. ರಾಜ್ಯ ಸರ್ಕಾರದ ಯುವನಿಧಿ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾಯಿತು. 2022-23ರಲ್ಲಿ ಪಾಸಾದವರಿಂದ ಆರಂಭಿಸಿ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ ಎಂದು ಗೊತ್ತುಮಾಡಿದರು. ಅಂಥ ಹಣ ಬಂದರೆ ಬಡ್ಡಿಗೇ ಹೋಗಲಿ. 4 ಲಕ್ಷಕ್ಕೆ ಶೇಕಡಾ 10ರಂತೆ ತಿಂಗಳ ಬಡ್ಡಿ 3,333 ತಾನೇ?

ಸಾಲ ಮನ್ನಾ ಆದೀತೆಂದು ಕಾಯುವವರಿಗೆ ಒಂದು ಮಾತು. 2018ರಲ್ಲಿ ನಮ್ಮ ರಾಜ್ಯ ಸರ್ಕಾರ ಪ್ರಕಟಿಸಿದ ಮನ್ನಾ ಬೆಳೆ ಸಾಲಕ್ಕೆ. ಓದಿನ ಸಾಲ ಅದರಲ್ಲಿ ಸೇರಿರಲಿಲ್ಲ. ಕಾಯುತ್ತಾ ಕೂತರೆ ಬಡ್ಡಿಯೊಂದೇ ಬೆಳೆದೀತು.

ಹಾಗೆಯೇ ಹೆದರಿ ತೋಟ ಮಾರಲೂ ಬೇಡಿ. 4 ಲಕ್ಷದವರೆಗಿನ ವಿದ್ಯಾ ಸಾಲಕ್ಕೆ ಜಮೀನು ಅಡವಿಡಬೇಕೆಂಬ ನಿಯಮ ಮಾದರಿ ಯೋಜನೆಯಲ್ಲಿಲ್ಲ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನು ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ತಾಕೀತು ಮಾಡಿದೆ. ಹೆದರಿಸುವುದು, ಅವಮಾನ ಮಾಡುವುದು ಕೂಡದು. ಹಾಗೆ ಮಾಡಿದರೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ.

ತಾಯಂದಿರಿಗೆ ಒಂದು ಮಾತು. ಮಗಳ ಹೆಸರಿನಲ್ಲಿ ಸಾಲವಿದ್ದರೆ ಮದುವೆಯ ಮಾತುಕತೆಯಲ್ಲಿ ಅದನ್ನು ಬಿಚ್ಚಿ ಹೇಳಿ. ಮದುವೆಯಾದರೂ ಸಾಲ ಅವಳ ಹೆಸರಿನಲ್ಲೇ, ನಿಮ್ಮ ರುಜುವಿನ ಮೇಲೆಯೇ ಇರುತ್ತದೆ. ಮದುವೆಯ ಖರ್ಚಿಗೆ ಹೊಸ ಸಾಲ ಮಾಡುವ ಬದಲು ಖರ್ಚನ್ನು ಕುಗ್ಗಿಸಿ ಹಳೆಯ ಸಾಲಕ್ಕೆ ಒಂದು ಗಂಟು ಕಟ್ಟಿದರೆ, ಮಗಳಿಗೆ ಅದಕ್ಕಿಂತ ಒಳ್ಳೆಯ ಬಳುವಳಿ ಉಂಟೇ?

ಸರಿ, ಈಗ ಮಾಡಬೇಕಾದ್ದನ್ನು ಮತ್ತೊಮ್ಮೆ ಹೇಳುತ್ತೇನೆ. ನೋಟುಬುಕ್ಕು ತೆಗೆದು ಎಲ್ಲ ಸಾಲವನ್ನೂ ಬರೆಯಿರಿ. ಬ್ಯಾಂಕಿಗೆ ಹೋಗಿ ಇವತ್ತಿನ ಬಾಕಿ, ಬಡ್ಡಿ, ಅವಧಿ ಕೇಳಿ ಬರೆದುಕೊಳ್ಳಿ. ಕಂತು ಹೊರಲಾರದಷ್ಟಿದ್ದರೆ ಇಳಿಸಿಕೊಳ್ಳಿ. ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸಿ. ತೋಟದ ಒಂದು ಬೆಳೆಯನ್ನು ಸಾಲಕ್ಕೆಂದು ಎತ್ತಿಡಿ. ಕೊನೆಯ ಕಂತು ಕಟ್ಟಿದ ದಿವಸ ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರ ಪಡೆದು, ಪದವಿ ಪತ್ರದ ಜೊತೆಯಲ್ಲೇ ಇಡಿ.

ಈ ಸುಗ್ಗಿಯ ಮೆಣಸು ಒಣಗುವುದರೊಳಗೆ ಲೆಕ್ಕ ಬರೆದು ಮುಗಿಸಿರಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.