ಚೌಕ ಪೂರ್ತಿ ಮಾಡೋಣ

 

ಹತ್ತನೆಯ ತರಗತಿಯ ವರ್ಗ ಸಮೀಕರಣ ಎಂದರೆ ನಮ್ಮ ಮಕ್ಕಳಿಗೆ ಭಯ. ಉರ್ದು ಮಾಧ್ಯಮದವರು ಅದನ್ನೇ 'ದೋ ದರ್ಜಿ ಮಸಾವಾತ್' ಎನ್ನುತ್ತಾರೆ. ಹೆಸರು ಬೇರೆ, ಭಯ ಒಂದೇ. ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಒಂದು ಚಿಹ್ನೆ ಮರೆತರೆ ಲೆಕ್ಕವೇ ಹೋಯಿತು. ಗಣಿತ ಒಂದೇ ವಿಷಯ ಉಳಿದು ಓದು ಬಿಟ್ಟ ಮಕ್ಕಳು ನಮ್ಮ ಓಣಿಗಳಲ್ಲಿದ್ದಾರೆ. ಆದ್ದರಿಂದ ಇಂದು ಸೂತ್ರವಿಲ್ಲದೆ ಒಂದು ಲೆಕ್ಕ ಬಿಡಿಸೋಣ.

ಮನೆ ಮುಂದಿನ ಕಟ್ಟೆಗೆ ಶಹಾಬಾದ್ ಫರಸಿ ಹಾಸಿದ್ದಾರೆ. ಕಟ್ಟೆಯ ಉದ್ದ ಅದರ ಅಗಲಕ್ಕಿಂತ 10 ಅಡಿ ಹೆಚ್ಚು. ಹಿಡಿದ ಫರಸಿ 39 ಚದರ ಅಡಿ. ಅಗಲ ಎಷ್ಟು? ಅಗಲವನ್ನು 'ಅ' ಎನ್ನೋಣ. ಆಗ ಅ² + 10ಅ = 39.

ಈಗ ಒಂದು ಚೌಕ ಬರೆಯಿರಿ. ಅದರ ಬದಿ 'ಅ'. ಉಳಿದ 10ಅ ಭಾಗವನ್ನು 5 ಅಡಿ ಅಗಲದ ಎರಡು ಪಟ್ಟಿ ಮಾಡಿ, ಒಂದನ್ನು ಚೌಕದ ಬಲಕ್ಕೆ, ಇನ್ನೊಂದನ್ನು ಕೆಳಕ್ಕೆ ಜೋಡಿಸಿರಿ. ಮೂಲೆಯಲ್ಲಿ 5 ಅಡಿ ಬದಿಯ ಚೌಕದಷ್ಟು ಜಾಗ ಖಾಲಿ ಉಳಿಯುತ್ತದೆ. ಅದನ್ನು ತುಂಬಲು 25 ಬೇಕು. ಒಂದು ಕಡೆ ಕೂಡಿಸಿದ್ದನ್ನು ಇನ್ನೊಂದು ಕಡೆಗೂ ಕೂಡಿಸಬೇಕು. 39ಕ್ಕೆ 25 ಸೇರಿ 64. ದೊಡ್ಡ ಚೌಕದ ಬದಿ 8. ಅಂದರೆ ಅ + 5 = 8; ಅ = 3. ಕಟ್ಟೆ 3 ಅಡಿ ಅಗಲ, 13 ಅಡಿ ಉದ್ದ. ಗುಣಿಸಿ ನೋಡಿರಿ, 39.

ಕಟ್ಟೆ ನಮ್ಮದು, ಅಂಕಿಗಳು ಹಳೆಯವು. ಖಲೀಫ ಮಾಮೂನರ (813–833) ಕಾಲದಲ್ಲಿ ಬಗ್ದಾದಿನ ಅಲ್ ಖ್ವಾರಿಜ್ಮಿಯವರು ಇದೇ 10, ಇದೇ 39 ಇಟ್ಟುಕೊಂಡು ಚೌಕ ಪೂರ್ತಿ ಮಾಡಿ ತೋರಿಸಿದರು. ಅವರ ಗ್ರಂಥದ ಹೆಸರಿನಲ್ಲಿದ್ದ 'ಅಲ್ ಜಬ್ರ್' ಎಂಬ ಮಾತೇ ಇಂದಿನ ಆಲ್ಜೀಬ್ರಾ.

ಅವರು ಕೊಟ್ಟ ಉತ್ತರ 3 ಮಾತ್ರ. ಆದರೆ −8ನ್ನು −8ರಿಂದ ಗುಣಿಸಿದರೂ 64 ಅಲ್ಲವೇ? ಈ ಮಾತು ತಿಳಿಯಲು ನಮ್ಮ ಜಿಲ್ಲೆಯ ಮಳಖೇಡದ ಕಡೆ ನೋಡಬೇಕು. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ (814–878) ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ವರ್ಗಮೂಲ ಧನವೂ ಹೌದು, ಋಣವೂ ಹೌದು ಎಂದು ಹೇಳಿದ್ದಾರೆ. ಆಗ ಅ + 5 = −8; ಅ = −13. ಸಮೀಕರಣಕ್ಕೆ ಇದೂ ಸರಿ: 169ರಲ್ಲಿ 130 ಕಳೆದರೆ 39. ಆದರೆ ಕಟ್ಟೆಯ ಅಗಲ ಋಣವಾಗದು. ಉತ್ತರಪತ್ರಿಕೆಯಲ್ಲಿ ಎರಡನ್ನೂ ಬರೆಯಿರಿ; ಒಂದನ್ನು ಬಿಟ್ಟ ಕಾರಣವನ್ನೂ ಬರೆಯಿರಿ.

ವಿದ್ಯಾರ್ಥಿಗಳೇ, ನೀವು ಹೆದರುವ ಆ ಸೂತ್ರ ಹುಟ್ಟಿದ್ದು ಇದೇ ಚೌಕದಿಂದ. ಮರೆತರೆ ಚಿಂತೆಯಿಲ್ಲ, ಚೌಕ ಬರೆದರೆ ಮತ್ತೆ ಸಿಗುತ್ತದೆ. ಹಿರಿಯರಲ್ಲಿ ಒಂದು ವಿನಂತಿ: ಗಣಿತದಲ್ಲಿ ಉಳಿದ ಮಗುವನ್ನು ಕೆಲಸಕ್ಕೆ ಕಳಿಸುವ ಮೊದಲು, ಮನೆಯಲ್ಲಿ ಕೂಡಿಸುವ ಮೊದಲು, ಸಂಜೆ ಒಂದು ತಾಸು ನಮ್ಮ ಹತ್ತಿರ ಕಳಿಸಿರಿ. ಮೂಲೆಯಲ್ಲಿ ಕಡಿಮೆ ಬಿದ್ದಿರುವುದು ಎಷ್ಟೆಂದು ಕೂಡಿ ನೋಡೋಣ.