ಹುಳುವಿನ ಒಡಲಲ್ಲಿ ಒಂದು ಪ್ರೋಟೀನಿನ ವಿಳಾಸ

ಇವತ್ತಿನ ಮಾತು ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನ ಬಗ್ಗೆ: ಸಿ. ಎಲೆಗನ್ಸ್. ಕೊಳೆತ ಹಣ್ಣಿನಲ್ಲಿ ಬ್ಯಾಕ್ಟೀರಿಯ ತಿಂದು ಬದುಕುವ ಸಾಧುಪ್ರಾಣಿ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಐಐಎಸ್‌ಸಿಯಲ್ಲೂ ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಲ್ಲೂ ಇದನ್ನು ಸಾಕಿ ಸಂಶೋಧನೆ ಮಾಡಿದ್ದಾರೆ. ಮೈ ಪಾರದರ್ಶಕ, ಕೊಯ್ಯದೆಯೇ ಒಳಗಿನ ಭ್ರೂಣ ಒಂದು ಎರಡಾಗಿ, ಎರಡು ನಾಲ್ಕಾಗುವುದನ್ನು ನೋಡಬಹುದು.

ನಾನು ಬೆನ್ನು ಹತ್ತಿರುವ ಪ್ರೋಟೀನು ಜಿಎಲ್‌ಪಿ-1. ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಜೊತೆ ನೀವು ಕೇಳಿರುವ ಜಿಎಲ್‌ಪಿ-1 ಬೇರೆ, ಗೊಂದಲ ಬೇಡ. ಇದು ಕೋಶದ ಮೇಲ್ಮೈಯಲ್ಲಿದ್ದು ನೆರೆಯ ಕೋಶದ ಸಂಕೇತ ಹಿಡಿಯುವಂಥದ್ದು. ಹುಳುವಿನ ಜನನಗ್ರಂಥಿಗೆ ಎರಡು ತೋಳು, ಪ್ರತಿ ತೋಳಿನ ತುದಿಗೆ ಒಂದು ಕೋಶ. ಜಿಎಲ್‌ಪಿ-1ರ ಮೂಲಕ ಅದರ ಸಂಕೇತ ಸಿಗುವಷ್ಟು ಕಾಲ ಜನನಕೋಶಗಳು ಒಡೆಯುತ್ತಲೇ ಇರುತ್ತವೆ. ದೂರ ಸರಿದವು ಅಂಡವಾಗುವ ಹಾದಿ ಹಿಡಿಯುತ್ತವೆ. 1981ರಲ್ಲಿ ಜೂಡಿತ್ ಕಿಂಬಲ್ ಮತ್ತು ಜಾನ್ ವೈಟ್ ಆ ತುದಿಯ ಕೋಶವನ್ನು ಲೇಸರಿನಿಂದ ಸುಟ್ಟಾಗ ಜನನಕೋಶಗಳ ವೃದ್ಧಿಯೇ ನಿಂತಿತು. ಜಿಎಲ್‌ಪಿ-1 ದಟ್ಟವಾಗಿ ಕಾಣುವುದೂ ಆ ತುದಿಯ ಬಳಿಯೇ.

ಸ್ವಾರಸ್ಯ ಇರುವುದು ನಾಲ್ಕು ಕೋಶಗಳ ಹಂತದ ಭ್ರೂಣದಲ್ಲಿ. ತಾಯಿ ತುಂಬಿಕೊಟ್ಟ ಜಿಎಲ್‌ಪಿ-1ರ ಎಂಆರ್‌ಎನ್‌ಎ (ಪ್ರೋಟೀನು ತಯಾರಿಸಲು ಹೇಳುವ ಚೀಟಿ) ನಾಲ್ಕೂ ಕೋಶಗಳಲ್ಲಿದೆ; ಪ್ರೋಟೀನು ಮಾತ್ರ ಮುಂಭಾಗದ ಎರಡರಲ್ಲಿ. ನಮ್ಮ ಎಪಿಎಂಸಿ ಯಾರ್ಡಿನವರಿಗೆ ಹೇಳಬೇಕಿಲ್ಲ, ಚೀಟಿ ಬಂದ ಮಾತ್ರಕ್ಕೆ ಮೂಟೆ ಇಳಿದಂತಲ್ಲ. ಎಲ್ಲಿ, ಯಾವಾಗ ಪ್ರೋಟೀನು ತಯಾರಾಗಬೇಕೆಂಬ ಕಟ್ಟುಪಾಡು ಆ ಎಂಆರ್‌ಎನ್‌ಎಯ ಬಾಲದಲ್ಲೇ ಇದೆ ಎಂದು ಥಾಮಸ್ ಎವನ್ಸ್, ಕಿಂಬಲ್ ಮತ್ತಿತರರು 1994ರಲ್ಲಿ ತೋರಿಸಿದರು. ಹಾಗಾಗಿ, ಬರೀ ಆರ್‌ಎನ್‌ಎ ಅಳೆದು 'ಈ ಜೀನು ಇಲ್ಲಿ ಕೆಲಸ ಮಾಡುತ್ತಿದೆ' ಎಂದರೆ ನಾನು ಅರ್ಧ ಮಾತ್ರ ನಂಬುತ್ತೇನೆ. ಪ್ರೋಟೀನಿಗೆ ಜಿಎಫ್‌ಪಿ ಎಂಬ ಹೊಳೆಯುವ ಗುರುತು ಜೋಡಿಸಿ ನೋಡುವಾಗಲೂ ಎಚ್ಚರ ಬೇಕು. ಹೊರಗಿನಿಂದ ಸೇರಿಸಿದ ಡಿಎನ್‌ಎಯ ಬಾಯನ್ನು ಜನನಕೋಶಗಳು ಎಷ್ಟೋ ಸಲ ಮುಚ್ಚಿಸಿಬಿಡುತ್ತವೆ. ಅಲ್ಲಿ ಕತ್ತಲೆ ಕಂಡಿತೆಂದು ಪ್ರೋಟೀನೇ ಇಲ್ಲ ಎನ್ನಲಾಗದು.

ಇನ್ನು ಆ ಮುಂಭಾಗದ ಎರಡು ಕೋಶಗಳು. ಎರಡರಲ್ಲೂ ಜಿಎಲ್‌ಪಿ-1 ಇದ್ದರೂ ಅವುಗಳ ಪೀಳಿಗೆ ಬೇರೆ ಬೇರೆ. ಹಿಂಭಾಗದ ಪಿ2 ಎಂಬ ಕೋಶ ತಾಗುವುದು ಈ ಎರಡರಲ್ಲಿ ಒಂದಕ್ಕೆ ಮಾತ್ರ, ಅದರ ಸಂಕೇತ ಮುಟ್ಟುವುದೂ ಅದಕ್ಕಷ್ಟೇ. 1987ರಲ್ಲಿ ಜೇಮ್ಸ್ ಪ್ರೀಸ್ ಮತ್ತು ಥಾಮ್ಸನ್ ಈ ಎರಡರ ಜಾಗ ಅದಲುಬದಲು ಮಾಡಿದರು. ಎರಡೂ ಹೊಸ ಜಾಗದ ಕೆಲಸವನ್ನೇ ವಹಿಸಿಕೊಂಡವು. ಭ್ರೂಣ ಏನೂ ಆಗಿಲ್ಲವೆಂಬಂತೆ ಬೆಳೆಯಿತು.