ನೀಲಿ ಪರದೆಯ ದೆವ್ವ



ಅಕ್ಟೋಬರ್ 31, ವೇಷ ಹಾಕುವ ಹ್ಯಾಲೋವೀನ್ ಹಬ್ಬ. ಅಮೆರಿಕದ ಸಾಫ್ಟ್‌ವೇರ್ ಕಚೇರಿಗಳಲ್ಲಿ ಅಂದು ದೆವ್ವ, ಮಾಟಗಾತಿಯರ ನಡುವೆ ಒಬ್ಬ ಬರೀ ಬಿಳಿ ಟೀ ಶರ್ಟ್ ತೊಟ್ಟು ಓಡಾಡುತ್ತಿರುತ್ತಾನೆ. ಎದೆಯ ಮೇಲೆ ‘404: ವೇಷ ಸಿಗಲಿಲ್ಲ’ ಎಂಬ ಬರಹ. ಕೇಳಿದ ಪುಟ ಇಲ್ಲದಿದ್ದರೆ ವೆಬ್ ಸರ್ವರ್ ಕಳಿಸುವ ಸಂಖ್ಯೆ 404. ವೇಷ ಹುಡುಕಲು ಸೋಮಾರಿತನ. ಆ ಸೋಮಾರಿತನವೇ ವೇಷ!

ಈ ಹಬ್ಬದ ಬೇರು ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಕೆಲ್ಟಿಕ್ ಜನರ ‘ಸೌವಿನ್’ ಆಚರಣೆಯಲ್ಲಿದೆ. ಸುಗ್ಗಿ ಮುಗಿದು ಚಳಿ ಕಾಲಿಡುವ ಆ ರಾತ್ರಿ ಸತ್ತವರು ಮರಳಿ ಬರುತ್ತಾರೆಂಬ ನಂಬಿಕೆ. ದೆವ್ವದ ಕಣ್ಣು ತಪ್ಪಿಸಲು ಜನ ತಾವೇ ದೆವ್ವದ ವೇಷ ಹಾಕಿದರು. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಕೊಳೆತು, ಹೊಟ್ಟೆಗಿಲ್ಲದೆ ಹಡಗು ಹತ್ತಿದ ಐರಿಷ್ ಜನರೊಂದಿಗೆ ಹಬ್ಬವೂ ಅಮೆರಿಕ ಸೇರಿತು. ಯಾವುದಕ್ಕೆ ಅಂಜುತ್ತೇವೋ ಅದನ್ನೇ ತೊಟ್ಟುಕೊಳ್ಳುವುದು ಇದರ ಸೂತ್ರ.

ಕಂಪ್ಯೂಟರಿನವರಿಗೆ ದೆವ್ವಗಳಿಗೇನು ಬರ? 1963ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕಂಪ್ಯೂಟರ್ ಯೋಜನೆ ಪ್ರಾಜೆಕ್ಟ್ ಮ್ಯಾಕ್‌ನಲ್ಲಿ, ತೆರೆಮರೆಯಲ್ಲೇ ದುಡಿಯುವ ಪ್ರೋಗ್ರಾಮ್‌ಗಳಿಗೆ ‘ಡೀಮನ್’ ಎಂದು ಹೆಸರಿಟ್ಟರು. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ್ದ, ದಣಿವಿಲ್ಲದೆ ಕಣಗಳನ್ನು ವಿಂಗಡಿಸುವ ಭೂತದ ಹೆಸರು ಅದು. ಮುಂದೆ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ‘ಜೋಂಬಿ’ಯೂ ಹುಟ್ಟಿತು: ಕೆಲಸ ಮುಗಿಸಿ ಸತ್ತರೂ ಪಟ್ಟಿಯಿಂದ ಹೆಸರು ಹೋಗದ ಪ್ರೋಗ್ರಾಮ್, ತೀರಿಹೋದ ಅಜ್ಜನ ಹೆಸರು ರೇಷನ್ ಕಾರ್ಡಿನಲ್ಲಿ ಉಳಿದ ಹಾಗೆ.

ಇವರ ಹಳೆಯ ಜೋಕೊಂದು ಕೇಳಿ. ಪ್ರೋಗ್ರಾಮರ್‌ಗಳಿಗೆ ಹ್ಯಾಲೋವೀನ್ ಯಾವುದು, ಕ್ರಿಸ್‌ಮಸ್ ಯಾವುದು ಎಂದು ಗೊಂದಲವಂತೆ. ಏಕೆ? ‘ಆಕ್ಟ್ 31’ ಅಂದರೆ ‘ಡೆಕ್ 25’! ನಮಗೆ ಆಕ್ಟ್ ಎಂದರೆ ಅಕ್ಟೋಬರ್, ಡೆಕ್ ಎಂದರೆ ಡಿಸೆಂಬರ್. ಅವರಿಗೆ ಆಕ್ಟ್ ಎಂದರೆ ಆಕ್ಟಲ್, ಎಂಟರ ಲೆಕ್ಕ. ಡೆಕ್ ಎಂದರೆ ಡೆಸಿಮಲ್, ಹತ್ತರ ಲೆಕ್ಕ. ಮೂರು ಎಂಟಲಿ ಇಪ್ಪತ್ನಾಲ್ಕು, ಮೇಲೊಂದು ಸೇರಿದರೆ ಇಪ್ಪತ್ತೈದು. ಹಿಂದಿನ ಪಿಡಿಪಿ ಎಂಬ ಕಂಪ್ಯೂಟರುಗಳ ಮುಂದೆ ಕೂತವರಿಗೆ ಎಂಟರ ಮಗ್ಗಿ ನಿತ್ಯದ ಊಟವಾಗಿತ್ತು.

ಆಮೇಲೆ ಬಂತು ನೀಲಿ ದೆವ್ವ. ಆಗೆಲ್ಲ ವಿಂಡೋಸ್ ಕುಸಿದರೆ ಪರದೆಯೆಲ್ಲ ನೀಲಿಯಾಗುತ್ತಿತ್ತು, ಮೇಲೆ ಬಿಳಿ ಅಕ್ಷರ. 1998ರ ಏಪ್ರಿಲ್ 20ರಂದು ಷಿಕಾಗೊದಲ್ಲಿ ವಿಂಡೋಸ್ 98ರ ಪ್ರದರ್ಶನ. ಸ್ಕ್ಯಾನರ್ ಜೋಡಿಸಿದ್ದೇ ತಡ, ವೇದಿಕೆಯ ಮೇಲೆ ಬಿಲ್ ಗೇಟ್ಸ್ ನಿಂತಿದ್ದಾಗಲೇ ಪರದೆ ನೀಲಿಯಾಯಿತು. ಸಭೆಯೆಲ್ಲ ನಗೆ. ಆ ಪರದೆ ಈಗ ನೀಲಿ ಅಂಗಿಯ ಮೇಲಿನ ಬಿಳಿ ಬರಹವಾಗಿ ಹ್ಯಾಲೋವೀನ್ ವೇಷಗಳ ಸಾಲಿಗೆ ಸೇರಿದೆ. ಬರೆದಿಟ್ಟ ಕೆಲಸವೆಲ್ಲ ಒಮ್ಮೆ ನೀಲಿಯಲ್ಲಿ ಮುಳುಗಿಹೋದವರೇ ಅದನ್ನು ಕಂಡು ಹೆಚ್ಚು ನಗುವವರು.

ವೇಷವಿಲ್ಲದ ದೆವ್ವವೂ ಒಂದಿದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಐಬಿಎಂ ಪ್ರಯೋಗಾಲಯದಲ್ಲಿ ಕಂಪ್ಯೂಟರಿನ ಡೇಟಾಬೇಸ್‌ಗೆ ಒಂದು ಆದೇಶ ಕೊಟ್ಟರು: 25,000 ಡಾಲರ್‌ಗಿಂತ ಕಡಿಮೆ ಸಂಬಳದವರಿಗೆಲ್ಲ ಶೇ. 10 ಹೆಚ್ಚಿಸು. ಯಂತ್ರ ಸಂಬಳದ ಏರಿಕೆಯ ಕ್ರಮದಲ್ಲಿ ಪಟ್ಟಿ ಓದುತ್ತಿತ್ತು. ಸಂಬಳ ಏರಿದವನ ಹೆಸರು ಮುಂದಕ್ಕೆ ಜಿಗಿದು ಮತ್ತೆ ಎದುರಾಗುತ್ತಿತ್ತು, ಮತ್ತೆ ಹೆಚ್ಚಳ! ಎಲ್ಲರೂ 25,000 ಮುಟ್ಟುವವರೆಗೂ ಯಂತ್ರ ನಿಲ್ಲಲಿಲ್ಲ. ಅಲ್ಲಿದ್ದ ಡಾನ್ ಚೇಂಬರ್ಲಿನ್ ನೆನಪಿನಂತೆ ಅಂದು ಹ್ಯಾಲೋವೀನ್, ಅದೂ ಶುಕ್ರವಾರ. ಇದು ಈ ಮಧ್ಯಾಹ್ನಕ್ಕೆ ಬಗೆಹರಿಯುವುದಲ್ಲ ಎಂದುಕೊಂಡವರು ‘ಹ್ಯಾಲೋವೀನ್ ಸಮಸ್ಯೆ’ ಎಂದು ಹೆಸರಿಟ್ಟು, ಆಮೇಲೆ ನೋಡೋಣವೆಂದು ಬಿಟ್ಟರು. ಡೇಟಾಬೇಸ್ ಕಲಿಯುವವರು ಇಂದಿಗೂ ಆ ಹೆಸರನ್ನೇ ಓದುತ್ತಾರೆ.

ಕೇಳುಗರಲ್ಲಿ ಕೆಲವರಿಗಾದರೂ 1990ರ ದಶಕದ ಬೆಂಗಳೂರು ನೆನಪಾಗಿರಬೇಕು. ರಾತ್ರಿ ಕದ ತಟ್ಟುವ ದೆವ್ವಕ್ಕೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿಟ್ಟಿದ್ದೆವಲ್ಲ? ಓದಿದ ದೆವ್ವ ಮರಳುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಪ್ರೋಗ್ರಾಮರ್‌ಗಳು ಇದನ್ನು ‘ಇನ್‌ಫಿನಿಟ್ ಲೂಪ್’ ಎನ್ನುತ್ತಾರೆ. ಐಬಿಎಂನವರೂ ಆ ಶುಕ್ರವಾರ ತಮ್ಮ ಬಾಗಿಲಿಗೆ ಬರೆದದ್ದು ‘ನಾಳೆ ಬಾ’ ಎಂದೇ.